ಹಳೆಯ ಕಾರು, ಹೊಸ ಪ್ಯಾಕಿಂಗು

ಹಳೆಯ ಕಾರುಗಳ ಜೀರ್ಣೋದ್ಧಾರದಲ್ಲಿ ತೊಡಗಿದವರ ನಡುವೆ ಒಂದು ಬಗೆಯ ಮಡಿವಂತಿಕೆ ಕಂಡುಬರುತ್ತದೆ. ಬೋಲ್ಟಿನಿಂದ ಹಿಡಿದು ಎರಡು ಲೋಹಗಳ ಸಂದಿನಲ್ಲಿ ಅಡಗಿರುವ ಪ್ಯಾಕಿಂಗಿನವರೆಗೆ ಸಕಲವೂ ಕಾರ್ಖಾನೆಯಿಂದ ಬಂದದ್ದೇ ಆಗಬೇಕು, ಕೈಯಿಂದ ಕತ್ತರಿಸಿ ಕೂಡಿಸಿದ್ದು ಅಪಚಾರ ಎಂಬುದು ಇವರ ವಾದ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು 50 ವರ್ಷ ಮೀರಿದ ವಾಹನಕ್ಕೆ ‘ವಿಂಟೇಜ್’ ಮನ್ನಣೆ ನೀಡುವಾಗ ಮೂಲಸ್ವರೂಪವನ್ನು ಕೇಳುತ್ತವೆ, ನಿಜ. ಆದರೆ ಅವು ಹೆಸರಿಸುವುದು ಚಾಸಿಯನ್ನು, ಹೊರಮೈಯನ್ನು, ಎಂಜಿನನ್ನು. ಅವುಗಳೊಳಗಿನ ಕಾಗದದ ಚೂರನ್ನಲ್ಲ.

ಪ್ಯಾಕಿಂಗು ಹುಟ್ಟುವುದೇ ಹಾಳಾಗಿ ಬದಲಾಗುವುದಕ್ಕೆ. ದಪ್ಪ ಕಾಗದವನ್ನು ಗೇರುಪೆಟ್ಟಿಗೆಯ ಬಾಯಿಯ ಮೇಲೆ ಹರಡಿ, ಗುಂಡುತಲೆಯ ಸುತ್ತಿಗೆಯಿಂದ ಅಂಚಿನಗುಂಟ ಮೆಲ್ಲನೆ ತಟ್ಟುತ್ತ ಹೋದರೆ ಲೋಹದ ಅಂಚೇ ಕತ್ತರಿಯಾಗಿ ತನಗೆ ಬೇಕಾದ ಆಕಾರವನ್ನು ಬಿಡಿಸಿಕೊಳ್ಳುತ್ತದೆ. (ಅಲ್ಯುಮಿನಿಯಮ್ ಎರಕವಾದರೆ ಸುತ್ತಿಗೆ ಬೇಡ, ಅಂಚು ಜಜ್ಜೀತು.) ಒಣಗಿ ಕುಗ್ಗಿದ ಕಾರ್ಕು ಬಿಸಿನೀರಿನಲ್ಲಿ ನೆನೆದರೆ ಹಿಗ್ಗಿ ಮತ್ತೆ ತೂತಿಗೆ ತೂತು ಕೂಡುತ್ತದೆ. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಸವರಿದರೆ ಅದು ಎಣ್ಣೆಗೆ ಜಗ್ಗದು. ಇದರಲ್ಲಿ ಅಪಚಾರವೆಲ್ಲಿ?

ಸಿಲಿಂಡರ್ ಹೆಡ್ಡಿನ ಕೆಳಗೆ ಮಾತ್ರ ಈ ಸ್ವಾತಂತ್ರ್ಯ ನಡೆಯದು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ‘ಟಿ’ ಮಾದರಿಯಲ್ಲಿ ಆ ಜಾಗಕ್ಕೆ ತಾಮ್ರದ ಹೊದಿಕೆಯೊಳಗೆ ಕಲ್ನಾರನ್ನು ತುಂಬುತ್ತಿದ್ದರು. ಮಡಿವಂತರು ಇಂದಿಗೂ ಆ ಹಳೆಯ ದಾಸ್ತಾನನ್ನು ಅರಸುತ್ತಾರೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವುದೆಂದು ತಿಳಿದ ಮೇಲೂ ಮೂಲದ ಹೆಸರಿನಲ್ಲಿ ಅದನ್ನು ಬಯಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಹಳೆಯದನ್ನು ಒಣಗಿದಂತೆಯೇ ಕೆರೆಯುವುದೂ ಅಪಾಯ. ತಾಮ್ರದ ತಗಡನ್ನೇ ಕೆಂಪಗೆ ಕಾಯಿಸಿ ಆರಿಸಿದರೆ ಮೃದುವಾಗಿ ಒತ್ತಿಗೆ ಒಗ್ಗುತ್ತದೆ. ದಪ್ಪ ಮಾತ್ರ ಮೊದಲಿನಷ್ಟೇ ಇರಬೇಕು, ಇಲ್ಲವಾದರೆ ಎಂಜಿನಿನ ಸಂಪೀಡನವೇ ಬದಲಾಗುತ್ತದೆ.

ಆಸನದ ಮೆತ್ತೆಯ ವಿಚಾರದಲ್ಲಿ ಮಾತ್ರ ನಾನು ಮಡಿವಂತರ ಕಡೆಗೆ ಅರ್ಧ ವಾಲುತ್ತೇನೆ. ಅಂದಿನ ಆಸನಗಳಲ್ಲಿ ಸ್ಪ್ರಿಂಗುಗಳ ಮೇಲೆ ಕುದುರೆಯ ಕೂದಲು, ಅದರ ಮೇಲೆ ಹತ್ತಿ. ಅಲ್ಲಿಗೆ ಫೋಮು ತುಂಬಿದರೆ ಕೂರುವ ಎತ್ತರವೂ ಹೊಲಿಗೆಯ ಉಬ್ಬುತಗ್ಗೂ ಬೇರೆಯಾಗಿ, ಕಾರು ಸೋಫಾದ ಠೀವಿ ತಾಳುತ್ತದೆ. ಕುದುರೆಯ ಕೂದಲು ಸಿಗದಿದ್ದರೆ ನಮ್ಮ ತೆಂಗಿನ ನಾರಿದೆ. ಸೆಡೆತದಲ್ಲಿ, ಗಾಳಿಯಾಡುವುದರಲ್ಲಿ ಅದೇ ಹತ್ತಿರದ ಬಂಧು. ನೆಲದ ತಗಡಿನ ಮೇಲೆ ಕಂಬಳಿಯ ತುಂಡು ಹಾಸುವವರಿದ್ದಾರೆ. ಸದ್ದೇನೋ ಅಡಗುತ್ತದೆ, ಆದರೆ ಉಣ್ಣೆ ಮಳೆಗಾಲದ ತೇವವನ್ನು ಹೀರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಏನನ್ನು ಎಲ್ಲಿ ಬದಲಿಸಿದೆವೆಂದು ಬರೆದ ಚೀಟಿಯೊಂದನ್ನು ಆಸನದ ಕೆಳಗೆ ಇಟ್ಟರೆ, ಮುಂದೆ ಅದನ್ನು ಬಿಚ್ಚುವವನಿಗೆ ಊಹೆಯ ಕಷ್ಟ ತಪ್ಪುತ್ತದೆ.