ಒಲೆ ಹಚ್ಚಿಕೊಂಡ ಜೀವಕೋಶ

ಮಾಗಡಿ ಕಡೆಯ ಆರನೇ ತರಗತಿ ಹುಡುಗಿಯೊಬ್ಬಳು ಕೇಳಿದ್ದಾಳೆ: “ತಾತ, ನಮ್ಮ ಕ್ಲಾಸಿನ ಹುಡುಗನಿಗೆ ರಕ್ತದ ಕ್ಯಾನ್ಸರ್ ಅಂತೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರ್ತಾನೆ. ಈಗ ಚೆನ್ನಾಗೇ ಇದ್ದಾನಲ್ಲ, ಔಷಧಿ ಯಾಕೆ ನಿಲ್ಲಿಸಿಲ್ಲ?”

ಒಳ್ಳೆಯ ಪ್ರಶ್ನೆ ಮಗು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಡಾಕ್ಟರಲ್ಲ. ಓದಿ ತಿಳಿದಷ್ಟು ಹೇಳುತ್ತೇನೆ.

ನಮ್ಮ ಜೀವಕೋಶಗಳಿಗೆ ಆಸ್ಪರಾಜಿನ್ ಎಂಬ ಆಹಾರ ಬೇಕು. ಇದು ಮೊದಲು ಸಿಕ್ಕಿದ್ದು 1806ರಲ್ಲಿ, ಫ್ರಾನ್ಸಿನಲ್ಲಿ, ನಮ್ಮ ಶತಾವರಿಯ ಸಂಬಂಧಿಯಾದ ಒಂದು ಗಿಡದಲ್ಲಿ. ಅಜ್ಜಿಯರು ಶತಾವರಿಯನ್ನು ‘ಹಲವು ಮಕ್ಕಳ ತಾಯಿ ಬೇರು’ ಅನ್ನುತ್ತಾರೆ. ಆರೋಗ್ಯವಂತ ಕೋಶಗಳು ಈ ಆಹಾರವನ್ನು ತಾವೇ ಬೇಯಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿನ ಕೋಶಗಳದ್ದು ಒಲೆ ಹಚ್ಚದ ಮನೆ. ರಕ್ತದಲ್ಲಿ ಹರಿದುಬಂದದ್ದೇ ಊಟ.

1953ರಲ್ಲಿ ನ್ಯೂಯಾರ್ಕಿನ ಕಿಡ್ ಎಂಬ ವಿಜ್ಞಾನಿ, ಗಿನಿಪಿಗ್ ರಕ್ತದ ತಿಳಿಯಿಂದ ಇಲಿಗಳ ಕ್ಯಾನ್ಸರ್ ಕರಗಿದ್ದನ್ನು ಕಂಡರು. ಆ ತಿಳಿಯಲ್ಲಿದ್ದ ಆಸ್ಪರಾಜಿನೇಸ್ ಎಂಬ ಕಿಣ್ವವೇ ಕಾರಣವೆಂದು 1961ರಲ್ಲಿ ಬ್ರೂಮ್ ಹೇಳಿದರು. ಅದು ರಕ್ತದಲ್ಲಿನ ಆಸ್ಪರಾಜಿನ್ ಅನ್ನು ಒಡೆದುಹಾಕುತ್ತದೆ. ಆಗ ಕ್ಯಾನ್ಸರ್ ಕೋಶ ಹಸಿದು ಸಾಯುತ್ತದೆ. ಈಗ ಈ ಔಷಧಿಯನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ.

ಆದರೆ ಶತ್ರು ಸುಮ್ಮನೆ ಸಾಯುವುದಿಲ್ಲ. ಕೆಲವು ಕೋಶಗಳು ತಾವೇ ಒಲೆ ಹಚ್ಚಿ ಆಸ್ಪರಾಜಿನ್ ತಯಾರಿಸತೊಡಗುತ್ತವೆ. ಇನ್ನು ಕೆಲವಕ್ಕೆ ಮೂಳೆಮಜ್ಜೆಯ ನೆರೆಯ ಕೋಶಗಳೇ ಊಟ ಒದಗಿಸುತ್ತವೆ. ಒಮ್ಮೊಮ್ಮೆ ಮಗುವಿನ ದೇಹವೇ ಔಷಧಿಯನ್ನು ಪರಕೀಯವೆಂದು ತಿಳಿದು ಹೊಡೆದುಹಾಕುತ್ತದೆ. ಆಗ ಡಾಕ್ಟರು ಬೇರೊಂದು ಬ್ಯಾಕ್ಟೀರಿಯಾದ ಕಿಣ್ವ ಕೊಡುತ್ತಾರೆ.

ಅದಕ್ಕೇ ಒಂದೇ ಔಷಧಿಯನ್ನು ನಂಬುವುದಿಲ್ಲ. ಒಂದಕ್ಕೆ ಬಗ್ಗದ ಕೋಶ ಇನ್ನೊಂದಕ್ಕೆ ಸಿಕ್ಕಿಬೀಳಲಿ ಎಂದು ಹಲವನ್ನು ಕೊಡುತ್ತಾರೆ. ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಒಂದೆರಡು ತಿಂಗಳಲ್ಲೇ ಮುಖಕ್ಕೆ ಕಳೆ ಬಂದರೂ, ಪರೀಕ್ಷೆಗೂ ಕಾಣದ ಕೋಶಗಳು ಒಳಗೆ ಅಡಗಿರಬಹುದು. ನಡುವೆ ಬಿಟ್ಟರೆ ಅವು ಮತ್ತೆ ಬೆಳೆಯುತ್ತವೆ.

ರಾಮನಗರ, ಕನಕಪುರ, ಚನ್ನಪಟ್ಟಣದ ಹಿರಿಯರಿಗೆ ನನ್ನದೊಂದು ಮಾತು. ಹುಳು ಹಣ್ಣಾಗಿದೆ, ಚಂದ್ರಿಕೆಗೆ ಬಿಡಬೇಕು, ಬೆಂಗಳೂರಿಗೆ ಮುಂದಿನ ವಾರ ಹೋದರಾಯಿತು ಎನ್ನಬೇಡಿ. ಗೂಡು ಇನ್ನೊಂದು ಬೆಳೆಗೆ ಬಂದೀತು. ಪೂರ್ತಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಬಹುಪಾಲು ಜನ ಗುಣವಾಗುತ್ತಾರೆ.

ಮಕ್ಕಳೇ, ಇದು ಅಂಟುರೋಗವಲ್ಲ. ಆ ಹುಡುಗನ ಪಕ್ಕದಲ್ಲೇ ಕೂತುಕೊಳ್ಳಿ. ಆದರೆ ನಿಮಗೆ ನೆಗಡಿ, ಜ್ವರ ಇದ್ದರೆ ಮಾತ್ರ ದೂರವಿರಿ. ಅವನ ಮೈಗೆ ಈಗ ಅದನ್ನು ತಡೆಯುವ ಶಕ್ತಿ ಕಡಿಮೆ. ತಪ್ಪಿದ ಪಾಠದ ನೋಟ್ಸ್ ಬರೆದುಕೊಡಿ.