ಮೂಲಪ್ರತಿ ಮನೆಯಲ್ಲಿರಲಿ



ಕಳೆದ ಮಳೆಗಾಲದ ಕೊನೆಯ ದಿನಗಳಲ್ಲಿ ಕೊಯಿಲದ ಬಂಧುಗಳ ಮನೆಗೆ ಹೋಗಿ ಎರಡು ದಿನ ತಂಗುವ ಯೋಗ ನಮಗೆ ಒದಗಿಬಂದಿತು. ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಸಾಗುವ ರಸ್ತೆಯಲ್ಲಿ ಸಿಗುವ ಈ ಊರು ಹಿಂದೆ ಪುತ್ತೂರು ತಾಲೂಕಿಗೆ ಸೇರಿತ್ತು; ಈಗ ಕಡಬ ತಾಲೂಕಿನಲ್ಲಿದೆ. ಜಾನುವಾರು ಸಂವರ್ಧನಾ ಕೇಂದ್ರದಿಂದ ಹೆಸರಾದ ಊರು. ನಮ್ಮ ಬಂಧುಗಳು ದಾವಣಗೆರೆಯ ಕಡೆಯಿಂದ ಉದ್ಯೋಗ ನಿಮಿತ್ತ ಬಂದು ಇಲ್ಲಿಯೇ ನೆಲೆನಿಂತವರು. ಅವರ ಮಗಳು ಮಂಗಳೂರಿನಲ್ಲಿ ಓದು ಮುಗಿಸಿ, ಈಗ ಮನೆಯಲ್ಲಿಯೇ ಕುಳಿತು ಜಾಲತಾಣಗಳನ್ನು ರಚಿಸಿಕೊಡುವ ಕಾಯಕವನ್ನು ಕೈಗೊಂಡಿದ್ದಾಳೆ.

"ಕೆಲಸ ಹೇಗೆ ನಡೆದಿದೆ?" ಎಂದು ನಾವು ಕೇಳಿದಾಗ ಅವಳು ನಕ್ಕು, "ದೊಡ್ಡಪ್ಪ, ಜಾಲತಾಣ ಕಟ್ಟುವುದು ಕಷ್ಟವಲ್ಲ, ಜನ ತಂದುಕೊಡುವ ಚಿತ್ರಗಳನ್ನು ಬಿಡಿಸಿಕೊಳ್ಳುವುದೇ ಕಷ್ಟ" ಎಂದಳು. ಮಾತು ತಮಾಷೆಯಾಗಿ ತೋರಿದರೂ ಅವಳ ಮೇಜಿನ ಬಳಿ ಒಂದು ಮಧ್ಯಾಹ್ನ ಕುಳಿತ ಮೇಲೆ, ಇದು ಅವಳೊಬ್ಬಳ ತೊಂದರೆಯಲ್ಲ, ನಮ್ಮೆಲ್ಲರ ಮನೆಗಳಿಗೂ ಸಂಬಂಧಿಸಿದ ಸಂಗತಿ ಎಂಬುದು ಮನವರಿಕೆಯಾಯಿತು.

ಒಬ್ಬರು ತಮ್ಮ ಅಂಗಡಿಯ ಲಾಂಛನವನ್ನು ವರ್ಡ್ ಪತ್ರದೊಳಗೆ ಅಂಟಿಸಿ ಕಳುಹಿಸಿದ್ದರು. ಇನ್ನೊಬ್ಬರು ಅಂಗಡಿಯ ಮುಂದಿನ ಫಲಕವನ್ನೇ ಮೊಬೈಲಿನಲ್ಲಿ ಸೆರೆಹಿಡಿದು ವಾಟ್ಸಾಪಿನಲ್ಲಿ ಕಳುಹಿಸಿದ್ದರು. ಅದರಲ್ಲಿ ಲಾಂಛನದೊಡನೆ ವಿದ್ಯುತ್ ತಂತಿಯೂ ಇತ್ತು. ಮತ್ತೊಬ್ಬರು ಮುದ್ರಣಾಲಯದಿಂದ ಪಡೆದ ಕೋರೆಲ್‌ಡ್ರಾ ಕಡತವನ್ನು ಕೊಟ್ಟಿದ್ದರು. ಆ ತಂತ್ರಾಂಶವಿಲ್ಲದವರಿಗೆ ಅದು ಬೀಗ ಹಾಕಿದ ಪೆಟ್ಟಿಗೆಯಿದ್ದಂತೆ. ಕೊಟ್ಟವರು ಯಾರೂ ತಪ್ಪು ಮಾಡಿದವರಲ್ಲ. ತಮ್ಮಲ್ಲಿದ್ದುದನ್ನು ವಿಶ್ವಾಸದಿಂದ ಕೊಟ್ಟಿದ್ದರು, ಅಷ್ಟೇ.

ಗಣಕಯಂತ್ರದಲ್ಲಿ ಚಿತ್ರಗಳನ್ನು ಇಡುವ ಕ್ರಮಗಳು ಮುಖ್ಯವಾಗಿ ಎರಡು. ಇದನ್ನು ತಿಳಿಯಲು ನಮ್ಮ ತಾಯಂದಿರಿಗೆ ಪಾಠ ಬೇಕಿಲ್ಲ; ಅಂಗಳದ ರಂಗೋಲಿಯನ್ನು ನೆನೆದರೆ ಸಾಕು. ಹಾಕಿದ ರಂಗೋಲಿಯ ಛಾಯಾಚಿತ್ರ ತೆಗೆದರೆ ಅದು ಒಂದು ಕ್ರಮ. ಅದನ್ನು ಹಿಗ್ಗಿಸುತ್ತ ಹೋದಂತೆ ಗೆರೆಗಳು ಮಬ್ಬಾಗಿ ಒಡೆಯುತ್ತವೆ. "ಏಳು ಚುಕ್ಕಿ, ಏಳು ಸಾಲು, ಈ ಚುಕ್ಕಿಯಿಂದ ಆ ಚುಕ್ಕಿಗೆ ಗೆರೆ" ಎಂದು ಬರೆದಿಟ್ಟುಕೊಂಡರೆ ಅದು ಇನ್ನೊಂದು ಕ್ರಮ. ಆ ಲೆಕ್ಕ ತಿಳಿದವರು ಅದೇ ರಂಗೋಲಿಯನ್ನು ದೇವರ ಮನೆಯ ಹೊಸ್ತಿಲಲ್ಲಿ ಚಿಕ್ಕದಾಗಿಯೂ ಬೀದಿಯ ತುಂಬ ದೊಡ್ಡದಾಗಿಯೂ ಹಾಕಬಲ್ಲರು. ಜೆಪೆಗ್, ಪಿ.ಎನ್.ಜಿ., ಜಿಫ್ ಮೊದಲಾದುವು ಮೊದಲನೆಯ ಬಗೆಯವು. ಎಸ್.ವಿ.ಜಿ. ಎಂಬುದೂ ಕೋರೆಲ್‌ಡ್ರಾದ ಕಡತವೂ ಎರಡನೆಯ ಬಗೆಯವು. ಪಿ.ಡಿ.ಎಫ್. ಎರಡನ್ನೂ ತನ್ನೊಳಗೆ ಇರಿಸಿಕೊಳ್ಳಬಲ್ಲದು.

ಲಾಂಛನಕ್ಕೆ ಎರಡನೆಯ ಬಗೆಯೇ ಯೋಗ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಳ್ಳೆಯ ಮುದ್ರಣಕ್ಕೆ ಒಂದು ಅಂಗುಲಕ್ಕೆ 300 ಚುಕ್ಕಿಗಳು ಬೇಕೆಂಬುದು ರೂಢಿ. ಜಾಲತಾಣದಿಂದ ಎತ್ತಿಕೊಂಡ 200 ಚುಕ್ಕಿ ಅಗಲದ ಚಿತ್ರವನ್ನು ಹಾಗೆ ಮುದ್ರಿಸಹೊರಟರೆ ಅದು ಮುಕ್ಕಾಲು ಅಂಗುಲವನ್ನೂ ತುಂಬದು. ಛಾಯಾಚಿತ್ರಗಳಿಗೆ 1992ರಲ್ಲಿ ರೂಪುಗೊಂಡ ಜೆಪೆಗ್ ಸೊಗಸಾಗಿ ಹೊಂದುತ್ತದೆ; ಆದರೆ ಅದು ಪ್ರತಿಸಲ ತಿದ್ದಿ ಉಳಿಸುವಾಗಲೂ ಒಂದಿಷ್ಟು ವಿವರವನ್ನು ಬಿಟ್ಟುಕೊಡುತ್ತದೆ. ಅಕ್ಷರಗಳ ಅಂಚಿನಲ್ಲಿ ಕಲೆ ಮೂಡುವುದು ಇದರಿಂದಲೇ. ಅದರಲ್ಲಿ ಪಾರದರ್ಶಕತೆಯೂ ಇಲ್ಲವಾದ್ದರಿಂದ, ಬಣ್ಣದ ಪುಟದ ಮೇಲಿಟ್ಟ ಲಾಂಛನದ ಸುತ್ತ ಬಿಳಿಯ ಚೌಕ ಉಳಿಯುತ್ತದೆ. 1996ರಲ್ಲಿ ಬಂದ ಪಿ.ಎನ್.ಜಿ.ಗೆ ಈ ಎರಡು ದೋಷಗಳೂ ಇಲ್ಲ. 1987ರ ಜಿಫ್ ಒಂದು ಚಿತ್ರದಲ್ಲಿ 256 ಬಣ್ಣಗಳನ್ನು ಮಾತ್ರ ಬಲ್ಲದು.

ಮುದ್ರಣಾಲಯದ ಚಿತ್ರಗಳಲ್ಲಿ ಮತ್ತೊಂದು ತೊಡಕುಂಟು. ಕಾಗದದ ಮೇಲೆ ನಾಲ್ಕು ಶಾಯಿಗಳಿಂದ ಬಣ್ಣ ಮೂಡಿದರೆ, ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿಂದ ಮೂಡುತ್ತದೆ. ನಾಲ್ಕು ಶಾಯಿಯ ಲೆಕ್ಕದ ಚಿತ್ರವನ್ನು ಪರಿವರ್ತಿಸದೆ ಜಾಲತಾಣಕ್ಕೆ ಹಾಕಿದರೆ ಕಾವಿಯ ಬಣ್ಣ ಕಾವಿಯಾಗಿ ಉಳಿಯುವುದೆಂಬ ಭರವಸೆಯಿಲ್ಲ.

ಇಂತಹ ಕಡತಗಳು ಬಂದಾಗ ಅವಳು ಅನುಸರಿಸುವ ಉಪಾಯಗಳನ್ನು ನಮ್ಮ ತರುಣ ಮಿತ್ರರ ಪ್ರಯೋಜನಕ್ಕಾಗಿ ಇಲ್ಲಿ ಹೇಳುವೆವು. ವರ್ಡ್ ಪತ್ರದಲ್ಲಿ ಅಂಟಿಸಿದ ಚಿತ್ರವನ್ನು ಪರದೆಯಿಂದ ಕತ್ತರಿಸಿಕೊಳ್ಳಬಾರದು. 2007ರಿಂದೀಚಿನ ವರ್ಡ್ ಕಡತವು ನಿಜದಲ್ಲಿ ಒಂದು ಜಿಪ್ ಗಂಟು. ಅದರ ಪ್ರತಿಯೊಂದನ್ನು ಮಾಡಿ, ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ, ಒಳಗಿನ ಮೀಡಿಯಾ ಎಂಬ ಕೋಶದಲ್ಲಿ ಚಿತ್ರಗಳು ಬಿಡಿಬಿಡಿಯಾಗಿ ಸಿಗುತ್ತವೆ. ಪಿ.ಡಿ.ಎಫ್. ಆಮಂತ್ರಣವಿದ್ದರೆ ಅದನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಲಾಂಛನವು ಗೆರೆಗಳ ರೂಪದಲ್ಲಿಯೇ ಉಳಿದಿದೆಯೇ ಎಂದು ಮೊದಲು ನೋಡಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ್ದು ಕುಗ್ಗಿ ಬರುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಕೋರೆಲ್‌ಡ್ರಾದ ಕಡತ ಬಂದರೆ, ಅದನ್ನು ಮಾಡಿದವರಿಂದಲೇ ಪಿ.ಡಿ.ಎಫ್. ಅಥವಾ ಎಸ್.ವಿ.ಜಿ. ರೂಪದಲ್ಲಿ ಕೇಳಿ ಪಡೆಯುವುದು ಲೇಸು. ಎಲ್ಲಕ್ಕಿಂತ ಮಿಗಿಲಾಗಿ, ಬಂದ ಕಡತವನ್ನು ಎಂದೂ ತಿದ್ದದೆ ಒಂದೆಡೆ ಕಾಯ್ದಿಟ್ಟು, ಅದರ ಪ್ರತಿಯ ಮೇಲೆ ಮಾತ್ರ ಕೈಯಾಡಿಸಬೇಕು.

ಇಷ್ಟಾದರೆ ಇದು ಕುಶಲಕರ್ಮಿಗಳ ಮಾತಾಯಿತು. ನಮ್ಮ ಮನಸ್ಸನ್ನು ಕಲಕಿದ್ದು ಬೇರೊಂದು ಪ್ರಸಂಗ.

ಅದೇ ಪರಿಸರದ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯರು ಒಂದು ಸಿ.ಡಿ.ಯನ್ನು ತಂದು ಅವಳ ಕೈಗಿತ್ತಿದ್ದರು. 1998ರಲ್ಲಿ ಹೊರತಂದ ಬೆಳ್ಳಿಹಬ್ಬದ ಸ್ಮರಣಸಂಚಿಕೆ ಅದರೊಳಗಿತ್ತು. ಶಾಲೆಯ ಜಾಲತಾಣಕ್ಕೆ ಅದರ ಲೇಖನಗಳೂ ಚಿತ್ರಗಳೂ ಬೇಕು. ಅದರಲ್ಲಿಯೂ ಶಾಲೆಗೆ ಜಾಗ ಬಿಟ್ಟುಕೊಟ್ಟ ಅಜ್ಜಿಯೊಬ್ಬರ ಭಾವಚಿತ್ರ ಬೇಕೇ ಬೇಕು ಎಂದು ಅವರ ಅಪೇಕ್ಷೆ. ಆ ತಾಯಿಯ ಚಿತ್ರ ಇದ್ದುದು ಒಂದೇ. ಅದನ್ನು ಅಚ್ಚಿನ ಕೆಲಸಕ್ಕೆಂದು ಕೊಂಡೊಯ್ದವರು ಹಿಂದಿರುಗಿಸಲಿಲ್ಲ. ಆ ಮುದ್ರಣಾಲಯ ಮುಚ್ಚಿ ವರುಷಗಳೇ ಸಂದಿವೆ.

ಸುದೈವದಿಂದ ಸಿ.ಡಿ. ತೆರೆಯಿತು. ಆದರೆ ಒಳಗಿದ್ದುದು ಪೇಜ್‌ಮೇಕರ್ ಕಡತ. 1985ರಲ್ಲಿ ಹುಟ್ಟಿ ಒಂದು ಕಾಲಕ್ಕೆ ನಮ್ಮ ನಾಡಿನ ಅಚ್ಚುಕೂಟಗಳಲ್ಲೆಲ್ಲ ಮನೆಮಾತಾಗಿದ್ದ ಈ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕೂಡ ಈಗ ಆ ಕಡತಗಳನ್ನು ತೆರೆಯುವುದಿಲ್ಲ. ಪುತ್ತೂರಿನ ಒಬ್ಬ ಸಹೃದಯ ಮುದ್ರಕರು ಮೂಲೆಯಲ್ಲಿಟ್ಟಿದ್ದ ಹಳೆಯ ಗಣಕಯಂತ್ರವನ್ನು ಚಾಲೂ ಮಾಡಿಕೊಟ್ಟರು. ಪುಟಗಳು ತೆರೆದುಕೊಂಡವು, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಂಡವು!

ಇದಕ್ಕೆ ಕಾರಣವಿದೆ. ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಸ್ಥಾನಗಳು ಮೀಸಲಾದವು. ಆದರೆ ಸಾಮಾನ್ಯರ ಗಣಕಯಂತ್ರಗಳಲ್ಲಿ ಅದು ನೆಲೆಗೊಂಡದ್ದು 2001ರ ವಿಂಡೋಸ್ ಎಕ್ಸ್‌ಪಿಯ ತರುವಾಯ. ಅಲ್ಲಿಯವರೆಗೆ ಒಂದೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ತನ್ನದೇ ಕ್ರಮದಲ್ಲಿ ಕೂರಿಸುತ್ತಿತ್ತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಬೆರಳಚ್ಚಿಗೆ ಒಂದು ಏಕರೂಪತೆ ಬಂದರೂ, ಒಳಗಿನ ಸಂಕೇತಗಳು ಬೇರೆಬೇರೆಯಾಗಿಯೇ ಉಳಿದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಬರೆಹವು ಬರಿಯ ಗೊಂದಲವಾಗಿ ಕಾಣುವುದು ಈ ಕಾರಣದಿಂದ. ಮುದ್ರಕರ ಸಂಗ್ರಹದಲ್ಲಿ ಆ ಅಕ್ಷರಶೈಲಿ ದೊರೆತು, ಪರಿವರ್ತಕ ತಂತ್ರಾಂಶದ ನೆರವಿನಿಂದ ಲೇಖನಗಳು ಯೂನಿಕೋಡಿಗೆ ಬಂದವು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ನುಸುಳಿದ ತಪ್ಪುಗಳನ್ನು ಅವಳೂ ಅವಳ ತಾಯಿಯೂ ಕುಳಿತು ಸಾಲುಸಾಲಾಗಿ ತಿದ್ದಿದರು.

ಚಿತ್ರಗಳು ಮಾತ್ರ ಬರಲಿಲ್ಲ. ಪೇಜ್‌ಮೇಕರ್ ಪುಟದಲ್ಲಿ ದೊಡ್ಡ ಚಿತ್ರಗಳ ಒರಟು ನೆರಳನ್ನು ಮಾತ್ರ ಇಟ್ಟುಕೊಂಡು, ಮೂಲಚಿತ್ರವನ್ನು ಬೇರೆ ಕಡತದಲ್ಲಿ ಬಿಡುವುದು ವಾಡಿಕೆಯಾಗಿತ್ತು. ಸಿ.ಡಿ.ಯಲ್ಲಿ ಪುಟಗಳಿದ್ದವು, ಚಿತ್ರದ ಕಡತಗಳಿರಲಿಲ್ಲ. ಅಜ್ಜಿಯ ಮುಖವಿರಬೇಕಾದ ಕಡೆ ಒಂದು ಬೂದು ಮಬ್ಬು.

"ಇದನ್ನೆಲ್ಲ ಆಗಲೇ ಕೇಳಿ ಇಟ್ಟುಕೊಳ್ಳಬೇಕಿತ್ತಲ್ಲ ಮಾಷ್ಟ್ರೇ" ಎಂದು ಅವಳು ತುಸು ಬೇಸರದಿಂದಲೇ ಹೇಳಿದಳಂತೆ. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಇದೆಲ್ಲ ಎಲ್ಲಿ ಗೊತ್ತುಂಟು ಮಗಾ? ಪ್ರೆಸ್ಸಿನವರು ಕೊಟ್ಟದ್ದನ್ನು ದೇವರ ಪ್ರಸಾದದ ಹಾಗೆ ಜೋಪಾನ ಮಾಡಿದ್ದೆವು" ಎಂದರಂತೆ. ಆ ಮಾತು ಅವಳನ್ನು ಚುಚ್ಚಿತು. "ಅಂದಿನಿಂದ ಯಾರಿಗೂ ಹಾಗೆ ಹೇಳಿಲ್ಲ, ದೊಡ್ಡಪ್ಪ" ಎಂದು ನಮ್ಮಲ್ಲಿ ತೋಡಿಕೊಂಡಳು.

ಕೊನೆಗೆ ನೆರವಾದದ್ದು ಕಾಗದ. ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಆ ಸಂಚಿಕೆಯ ಮುದ್ರಿತ ಪ್ರತಿಯೊಂದು ಗೆದ್ದಲಿಗೂ ಮಳೆಗಾಲದ ಬೂಸ್ಟಿಗೂ ಸಿಗದೆ ಉಳಿದಿತ್ತು. ಅಚ್ಚಾದ ಚಿತ್ರವು ಸಣ್ಣ ಸಣ್ಣ ಶಾಯಿ ಚುಕ್ಕಿಗಳಿಂದಾದುದು. ಅದನ್ನು ನೇರವಾಗಿ ಸ್ಕ್ಯಾನ್ ಮಾಡಿದರೆ ಅಲೆಅಲೆಯಾದ ವಿನ್ಯಾಸ ಮೂಡಿ ಮುಖ ಕೆಡುತ್ತದೆ. ಅಂಗುಲಕ್ಕೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿ, ಚುಕ್ಕಿಗಳನ್ನು ಹದವಾಗಿ ಬೆಸೆದು, ಬಳಿಕ ಕುಗ್ಗಿಸಿದಾಗ ಅಜ್ಜಿಯ ಮುಖ ಮೂಡಿಬಂದಿತು. ಮೂಲದಷ್ಟು ಸ್ಪಷ್ಟವಲ್ಲ. ಆದರೂ ಅದನ್ನು ಕಂಡು ಮಾಷ್ಟ್ರು ಕಣ್ಣೊರೆಸಿಕೊಂಡರಂತೆ. ಒಂದು ವಾರದಲ್ಲಿ ಮುಗಿಸುವೆನೆಂದು ಒಪ್ಪಿದ ಕೆಲಸಕ್ಕೆ ಮೂರು ವಾರ ಹಿಡಿಯಿತು. ಹೆಚ್ಚಿನ ಹಣವನ್ನು ಅವಳು ಕೇಳಲಿಲ್ಲ.

ಬರೆಹವನ್ನು ಒಂದು ರೂಪದಿಂದ ಇನ್ನೊಂದಕ್ಕೆ ದಾಟಿಸುವ ಈ ಕಷ್ಟ ಇಂದಿನದಲ್ಲ. ಇದೇ ಜಿಲ್ಲೆಯ ಮಂಗಳೂರಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣಗೊಂಡ ಪತ್ರಿಕೆ. ಅಂದರೆ ಅಕ್ಷರಗಳ ಚಿತ್ರವೇ ಅಚ್ಚಾದದ್ದು. ಡಾ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ, ಓಲೆಗರಿಗಳಲ್ಲಿ ಉಳಿದಿದ್ದ ವಚನಗಳನ್ನು ಕಲೆಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿಗೆ ತಂದರು. 1925ರಲ್ಲಿ ಮುದ್ರಣಾಲಯವನ್ನೇ ಸ್ಥಾಪಿಸಿದರು. ಓಲೆಗರಿಗಳನ್ನು ಜಗಲಿಯ ಅಟ್ಟದಲ್ಲಿ ಕಾಯ್ದಿಟ್ಟ ಮನೆಗಳಿಲ್ಲದಿದ್ದರೆ ಅವರ ಶ್ರಮಕ್ಕೆ ಆಧಾರವೆಲ್ಲಿತ್ತು? ಆ ಮನೆಯವರಲ್ಲಿ ಅನೇಕರಿಗೆ ಓಲೆಯಲ್ಲಿದ್ದುದನ್ನು ಓದಲು ಬರುತ್ತಿರಲಿಲ್ಲವೇನೋ. ಆದರೂ ಮೂಲವನ್ನು ಕೈಬಿಡಲಿಲ್ಲ. ಆ ಜೋಪಾನದ ಬುದ್ಧಿಯೇ ಇಂದು ನಮಗೆ ಬೇಕಾದುದು.

ಆದಕಾರಣ ನಮ್ಮ ವಾಚಕ ಬಂಧುಗಳಲ್ಲಿ ಕೆಲವು ಅರಿಕೆಗಳು. ಲಗ್ನಪತ್ರಿಕೆಯಿರಲಿ, ಸಂಘದ ಲಾಂಛನವಿರಲಿ, ಹಿರಿಯರ ಸಂಸ್ಮರಣ ಗ್ರಂಥವಿರಲಿ, ಹಣ ಕೊಟ್ಟು ಮಾಡಿಸಿದ ದಿನವೇ ಅದರ ಮೂಲಕಡತವನ್ನು ಕೇಳಿ ಪಡೆಯಿರಿ. ಅದರೊಡನೆ ಎಲ್ಲ ಯಂತ್ರಗಳೂ ತೆರೆಯಬಲ್ಲ ಪಿ.ಡಿ.ಎಫ್. ಪ್ರತಿಯನ್ನೂ, ಲಾಂಛನವಾದರೆ ಎಸ್.ವಿ.ಜಿ. ಪ್ರತಿಯನ್ನೂ, ಬರೆಹವನ್ನು ಯೂನಿಕೋಡಿನಲ್ಲಿಯೂ, ಛಾಯಾಚಿತ್ರಗಳನ್ನು ಬೇರೆಯಾಗಿಯೂ ಪಡೆದುಕೊಳ್ಳಿ. ಎರಡು ಕಡೆ ಇಡಿ. ವರುಷಕ್ಕೊಮ್ಮೆ ತೆರೆದು ನೋಡಿ. ಒಂದು ಮುದ್ರಿತ ಪ್ರತಿಯೂ ಮನೆಯಲ್ಲಿರಲಿ. ಕೊಟ್ಟ ಭಾವಚಿತ್ರವನ್ನು ಮರಳಿ ಪಡೆಯದೆ ಅಂಗಡಿಯ ಮೆಟ್ಟಿಲಿಳಿಯಬೇಡಿ.

ಈ ಕಾಯಕದಲ್ಲಿರುವ ತರುಣ ತರುಣಿಯರಿಗೂ ಒಂದು ಮಾತು. ತೆರೆಯಲಾಗದ ಕಡತವನ್ನು ಹಿಡಿದು ಬರುವವರನ್ನು ಅಜ್ಞಾನಿಗಳೆಂದು ಬಗೆಯಬೇಡಿ. ಏನು ಬೇಕೆಂಬುದನ್ನು ಕೆಲಸ ಹಿಡಿಯುವ ಮೊದಲೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ಕೆಲಸ ಮುಗಿದ ಮೇಲೆ, ಮುಂದೆ ಯಾರು ಬೇಕಾದರೂ ತೆರೆಯಬಲ್ಲ ರೂಪದಲ್ಲಿ ಎಲ್ಲವನ್ನೂ ಒಡೆಯರಿಗೆ ಒಪ್ಪಿಸಿ.

ನಾವು ಕೊಯಿಲದಿಂದ ಹೊರಟ ಬೆಳಗ್ಗೆ ಅವಳು ಒಂದು ಸಣ್ಣ ಪೆನ್‌ಡ್ರೈವನ್ನು ಲಕೋಟೆಯಲ್ಲಿ ಹಾಕುತ್ತಿದ್ದಳು. ಹೊರಗೆ ಶಾಲೆಯ ಹೆಸರು, ಒಳಗೆ ಏನೇನಿದೆ ಎಂಬ ಪಟ್ಟಿ, ಜೊತೆಗೆ ಅಜ್ಜಿಯ ಚಿತ್ರದ ಮುದ್ರಿತ ಪ್ರತಿ. "ಮಾಷ್ಟ್ರಿಗೆ ಕೊಟ್ಟು ಬರುತ್ತೇನೆ, ದೊಡ್ಡಪ್ಪ" ಎಂದು ಅವಳು ನಮ್ಮೊಡನೆಯೇ ಬಸ್ಸಿನವರೆಗೆ ನಡೆದು ಬಂದಳು.