ಇಪ್ಪತ್ತೊಂದನೆಯ ಅಂಶದ ಎಡವಟ್ಟು: ಕರ್ನೆಲ್ ಕಲಿಸಿದ ಪಾಠ

2024ರ ಜುಲೈ 19ರಂದು ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೆಕ್-ಇನ್ ಕಾರ್ಯ ಕಂಪ್ಯೂಟರಿನಿಂದ ಕಾಗದಕ್ಕೆ ಮರಳಿತು. ಕೆಲವರ ಕೈಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಬಂತು. ಇಂಗ್ಲೆಂಡಿನಲ್ಲಿ ವೈದ್ಯರ ಭೇಟಿಯ ವ್ಯವಸ್ಥೆಯೇ ಅಸ್ತವ್ಯಸ್ತಗೊಂಡಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧಗೊಂಡವು. ಇದು ಸೈಬರ್ ದಾಳಿಯಾಗಿರಲಿಲ್ಲ. ದಾಳಿ ತಡೆಯಬೇಕಿದ್ದ ಕ್ರೌಡ್‌ಸ್ಟ್ರೈಕ್ ಕಂಪನಿಯ ತಂತ್ರಾಂಶದ ದೋಷವಾಗಿತ್ತು.

ಆ ವರ್ಷದ ಆಗಸ್ಟ್‌ನಲ್ಲಿ ಕಂಪನಿ ಪ್ರಕಟಿಸಿದ ವರದಿ ದೋಷದ ಮೂಲವನ್ನು ವಿವರಿಸಿದೆ. ಪತ್ತೆ ನಿಯಮಗಳ ಒಂದು ಮಾದರಿಯಲ್ಲಿ 21 ಅಂಶಗಳಿದ್ದವು. ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. ಹಿಂದಿನ ನಿಯಮಗಳಲ್ಲಿ 21ನೆಯ ಅಂಶ ‘ಏನಿದ್ದರೂ ಸರಿ’ ಎಂಬಂತಿದ್ದ ಕಾರಣ ಅದನ್ನು ಓದುವ ಪ್ರಸಂಗವೇ ಬರಲಿಲ್ಲ. ಪರೀಕ್ಷೆಗಳಲ್ಲಿಯೂ ಕೊರತೆ ಬಯಲಾಗಲಿಲ್ಲ. ಜುಲೈ 19ರ ಹೊಸ ನಿಯಮ ಆ ಅಂಶವನ್ನು ನಿಜವಾಗಿಯೇ ಕೇಳಿತು. ತಂತ್ರಾಂಶ ಪಟ್ಟಿಯ ಗಡಿ ದಾಟಿ, ತನಗೆ ಸೇರದ ಸ್ಮೃತಿಕೋಶಕ್ಕೆ ಕೈಹಾಕಿತು.

ಸಾಮಾನ್ಯ ತಂತ್ರಾಂಶ ಹೀಗೆ ತಪ್ಪಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಆದರೆ ಇದು ಕಾರ್ಯಾಚರಣೆ ವ್ಯವಸ್ಥೆಯ ಗರ್ಭಗುಡಿಯಾದ ಕರ್ನೆಲ್‌ನೊಳಗೆ ಕುಳಿತಿತ್ತು. ಅಲ್ಲಿ ಇಂತಹ ಓದು ಸಂಭವಿಸಿದರೆ, ಹೆಚ್ಚಿನ ಹಾನಿಯಾಗದಂತೆ ಇಡೀ ಯಂತ್ರವೇ ನಿಂತುಬಿಡುತ್ತದೆ. ನೀಲಿ ಪರದೆಯ ಅರ್ಥ ಇದೇ.

ದೋಷಪೂರಿತ ಕಡತ ಹೊರಬಿದ್ದದ್ದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ, ಹಿಂಪಡೆದದ್ದು 10.57ಕ್ಕೆ. ಕೇವಲ 78 ನಿಮಿಷ. ಆದರೆ ಪೂರ್ಣವಾಗಿ ಆರಂಭವಾಗುವ ಮೊದಲೇ ಕುಸಿಯುತ್ತಿದ್ದ ಬಹಳಷ್ಟು ಯಂತ್ರಗಳಿಗೆ ಪರಿಹಾರ ಅಂತರ್ಜಾಲದ ಮೂಲಕ ತಲುಪುವಂತಿರಲಿಲ್ಲ. ಸಿಬ್ಬಂದಿ ಒಂದೊಂದನ್ನೂ ಸೇಫ್ ಮೋಡ್‌ನಲ್ಲಿ ತೆರೆದು ಕಡತವನ್ನು ಅಳಿಸಬೇಕಾಯಿತು.

ದುರಸ್ತಿಯಾದರೂ ಎಷ್ಟು ಸರಳ! ಕೇಳಿದ ಅಂಶ ಪಟ್ಟಿಯ ಗಡಿಯೊಳಗಿದೆಯೇ ಎಂಬ ತಪಾಸಣೆಯನ್ನು ಜುಲೈ 25ರಂದು ಕಂಪನಿ ಸೇರಿಸಿತು. ನಿಯಮಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುವ ಕ್ರಮವನ್ನೂ ತಂದಿತು. ಇವೆರಡೂ ಮೊದಲೇ ಇದ್ದಿದ್ದರೆ ಅನಾಹುತ ಈ ಪ್ರಮಾಣ ತಲುಪುತ್ತಿರಲಿಲ್ಲ. ಕೋಡ್‌ಗೆ ಇದ್ದ ಕಟ್ಟುನಿಟ್ಟಿನ ಪರೀಕ್ಷೆ, ಆ ಕೋಡ್ ಓದುವ ದತ್ತಾಂಶಕ್ಕೆ ಇರಲಿಲ್ಲ ಎಂಬುದೇ ಇಲ್ಲಿನ ಮೂಲ ಲೋಪ.

ಇಂತಹ ತಪ್ಪು ಒಂದೇ ಕಂಪನಿಗೆ ಸೀಮಿತವಲ್ಲ. ಕರ್ನೆಲ್‌ಗಳು ಬಹುಪಾಲು ಸಿ ಭಾಷೆಯಲ್ಲಿವೆ. ಗಡಿ ಕಾಯುವ ಹೊಣೆಯನ್ನು ಆ ಭಾಷೆ ಬರೆಯುವವರಿಗೇ ಬಿಡುತ್ತದೆ. ಗಡಿಯನ್ನು ತಾನೇ ಕಾಯುವ ರಸ್ಟ್ ಭಾಷೆಗೆ ಲಿನಕ್ಸ್ 2022ರಲ್ಲಿ ಬಾಗಿಲು ತೆರೆದದ್ದು ಇದೇ ಕಾರಣಕ್ಕೆ. ಆದರೆ ರಸ್ಟ್‌ನಲ್ಲಿಯೂ ಗಡಿ ಮೀರಿದ ಕೋರಿಕೆ ಬಂದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡದಿದ್ದರೆ ಯಂತ್ರ ನಿಲ್ಲುವ ಸಾಧ್ಯತೆ ಉಳಿಯುತ್ತದೆ. ಭದ್ರತಾ ತಂತ್ರಾಂಶಗಳನ್ನು ಕರ್ನೆಲ್‌ನಿಂದ ಹೊರಗಿರಿಸುವ ವ್ಯವಸ್ಥೆಯತ್ತ ಮೈಕ್ರೋಸಾಫ್ಟ್ ಹೆಜ್ಜೆ ಇಟ್ಟಿರುವುದು ಈ ಹಿನ್ನೆಲೆಯಲ್ಲಿ ಮಹತ್ವದ್ದು.

ಗರ್ಭಗುಡಿಯ ಪ್ರವೇಶ ಎಷ್ಟು ಮಂದಿಗೆ ಎಂಬುದು ಇನ್ನು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ. ವಿಮಾನಕ್ಕಾಗಿ ಕಾದು ನಿಂತವರ ಪ್ರಶ್ನೆಯೂ ಹೌದು.